ಹೋರಿ ಕಟ್ಟುವ ಗಂಟು

ಹೊಳೆದಂಡೆಯ ಮೈದಾನ. ಸೂರ್ಯ ಆಗಷ್ಟೇ ಮೇಲೆ ಬಂದಿದ್ದಾನೆ. ಒಂದು ಹಳದಿ ವಿಮಾನ ಓಡುತ್ತಿದೆ, ಒಳಗೆ ನರಪಿಳ್ಳೆಯೂ ಇಲ್ಲ. ಅದರ ಹಿಂದೆ ಡಿಪ್ಲೊಮಾ ಪಾಸಾದ ತರುಣನೊಬ್ಬ ಬರಿಗಾಲಲ್ಲಿ ಓಡುತ್ತಿದ್ದಾನೆ. ಹೊಳೆಯ ಕಡೆಯಿಂದ ಒದ್ದೆ ಪಂಚೆಯ ಮುದುಕರೊಬ್ಬರು, ಮಂಡಿನೋವನ್ನೂ ಮರೆತು, ಓಡಿ ಬರುತ್ತಿದ್ದಾರೆ. ಏನಾಗಿರಬಹುದು, ಹೇಳಿ ನೋಡೋಣ?

ಬ್ರೇಕ್ ಹೋಗಿತ್ತು ಅಂತೀರಾ? ಇಲ್ಲ, ಬ್ರೇಕ್ ಚೆನ್ನಾಗಿಯೇ ಇತ್ತು. ಕಳ್ಳರು? ಕದ್ದ ವಿಮಾನ ಬಚ್ಚಿಡೋಕೆ ಕಳ್ಳರಿಗೆ ಜಾಗವಾದರೂ ಎಲ್ಲಿದೆ, ಪಾಪ! ಗಾಳಿ? ಆ ಹೊತ್ತಿನಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಹೊಟ್ಟೆಕಿಚ್ಚು. ನಗಬೇಡಿ. ಮೊದಲಿಂದ ಬರೋಣ.

ಆ ಮೈದಾನವನ್ನು ಸುತ್ತಲಿನ ಜನ ಆಶ್ರಮ ಅಂತಲೇ ಕರೆಯುತ್ತಿದ್ದರು. ಒಂದು ತಗಡಿನ ಶೆಡ್ಡು, ಒಂದು ಹೊಂಗೆ ಮರ, ಒಂದು ವಿಮಾನ, ಇಬ್ಬರು ಶಿಷ್ಯರು.

ಗುರುಗಳು ಮೌನೇಶಾಚಾರ್ಯರು. ಬಡಗಿ ಮನೆತನ. ಮರ ಕೆತ್ತಿ ಪ್ರೊಪೆಲ್ಲರ್ ಮಾಡುತ್ತಿದ್ದರು, ಎಂಜಿನ್ ಬಿಚ್ಚಿ ಕಟ್ಟುತ್ತಿದ್ದರು. ನಲವತ್ತು ವರ್ಷ ಪ್ರೊಪೆಲ್ಲರ್ ಮುಂದೆ ನಿಂತಿದ್ದರೂ ಅವರ ಹತ್ತು ಬೆರಳೂ ನೆಟ್ಟಗಿದ್ದವು. ಅವರ ಹತ್ತಿರ ಇದ್ದ ಸರ್ಟಿಫಿಕೇಟು ಅದೊಂದೇ.

ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ವಿಮಾನ ಅಲ್ಲ ಅದು. ಒಬ್ಬ ಒಳಗೆ ಕೂತು ಬ್ರೇಕು, ಸ್ವಿಚ್ಚು ನೋಡಿಕೊಳ್ಳಬೇಕು. ಇನ್ನೊಬ್ಬ ಮುಂದೆ ನಿಂತು ಪ್ರೊಪೆಲ್ಲರನ್ನು ಕೈಯಿಂದ ಕೆಳಕ್ಕೆ ಎಳೆದು, ಅದೇ ಉಸಿರಿನಲ್ಲಿ ಹಿಂದಕ್ಕೆ ಸರಿಯಬೇಕು. ಎಂಜಿನ್ ಹೊತ್ತಿಕೊಂಡಿತೋ, ಆ ಮರದ ಅಲಗು ಕಣ್ಣಿಗೆ ಕಾಣುವುದಿಲ್ಲ. ಕಾಣದೇ ಇದ್ದರೂ ಕೊಯ್ಯುತ್ತದೆ.

ಡಿಪ್ಲೊಮಾದ ತರುಣ ಧರಣೇಂದ್ರ. ಹಿರಿಯ ಶಿಷ್ಯ. ಅವನು ಬಂದ ಮೊದಲ ದಿನ ಗುರುಗಳು ವಿಮಾನದ ಮುಂದೆ ನಿಲ್ಲಿಸಿ ಕೇಳಿದರು.

"ಪ್ರೊಪೆಲ್ಲರ್ ಏನು ಮಾಡ್ತಾ ಇದೆ?"

"ನಿಂತಿದೆ, ಗುರುಗಳೇ."

"ಸ್ವಿಚ್ಚು?"

"ಆಫ್ ಆಗಿದೆ."

"ಹೋಗಿ ಒಳಗೆ ಕೂತ್ಕೊ."

ಹದಿನಾಲ್ಕು ತಿಂಗಳು ಕಳೆಯಿತು. ಹೊರಗೆ ಬಾ ಅಂತ ಗುರುಗಳು ಅನ್ನಲಿಲ್ಲ. ದಿನಕ್ಕೆ ನಾಲ್ಕು ಸಲ ಬೈದರು, ಅಷ್ಟೇ. ಸ್ವಿಚ್ಚಿನ ಮೇಲೆ ಕೈ ಇಡುವ ಮೊದಲೇ "ಆಫ್" ಅಂತ ಕೂಗಿದೆ ಅಂತ ಬೈದರು. ಟವೆಲ್ ಹೆಗಲ ಮೇಲೆ ಹಾಕಿಕೊಂಡು ಎಂಜಿನ್ ಹತ್ತಿರ ಬಂದೆ ಅಂತ ಬೈದರು. ಬಾಲದ ಕಡೆಯಿಂದ ಸುತ್ತಿ ಬರದೆ ಮೂಗಿನ ಮುಂದೆ ಹಾದುಹೋದೆ ಅಂತ ಬೈದರು.

ಆಮೇಲೆ ಬೋರಲಿಂಗ ಬಂದ. ಹೋರಿ ಸಾಕುವ ಮನೆಯವನು. ಓದಿದ್ದು ಏಳನೇ ಕ್ಲಾಸು.

ಗುರುಗಳು ಅವನನ್ನೂ ಅಲ್ಲೇ ನಿಲ್ಲಿಸಿದರು. "ಪ್ರೊಪೆಲ್ಲರ್ ಏನು ಮಾಡ್ತಾ ಇದೆ?"

ಬೋರಲಿಂಗ ಎರಡು ಹೆಜ್ಜೆ ಹಿಂದೆ ಸರಿದ. "ಕಾಯ್ತಾ ಐತೆ, ಗುರುಗಳೇ."

"ಸ್ವಿಚ್ಚು?"

"ಆಫಾಗೈತೆ ಅಂತವ್ರೆ. ನಾನ್ ನಂಬಕ್ಕಿಲ್ಲ."

ಗುರುಗಳು ನಕ್ಕರು. ಒಳಗೆ ಒಂದು ತಂತಿ ಕಿತ್ತಿದ್ದರೆ ಸಾಕು, ಸ್ವಿಚ್ ಆಫ್ ಅಂತ ತೋರಿಸುತ್ತಿದ್ದರೂ ಎಂಜಿನ್ನಿಗೆ ಜೀವ ಇರುತ್ತದೆ ಅಂತ ಅವನಿಗೆ ಬಿಡಿಸಿ ಹೇಳಿದರು. ಅವರಿಗೆ ಬಂಗಾರದ ಹಲ್ಲೊಂದು ಇದೆ ಅನ್ನುವುದು ಧರಣೇಂದ್ರನಿಗೆ ಗೊತ್ತಾದದ್ದು ಆ ದಿನವೇ. ಹದಿನಾಲ್ಕು ತಿಂಗಳಲ್ಲಿ ಅವನಿಗೆ ಆ ಹಲ್ಲು ಕಂಡಿರಲಿಲ್ಲ.

ಒಂದು ತಿಂಗಳು ತುಂಬುವ ಮೊದಲೇ ಬೋರಲಿಂಗ ಗುರುಗಳ ಎದುರಿಗೆ ಪ್ರೊಪೆಲ್ಲರ್ ತಿರುಗಿಸತೊಡಗಿದ. ಒಳಗೆ ಕೂತವನು ಧರಣೇಂದ್ರ.

ಹೊಟ್ಟೆ ಉರಿಯದೆ ಏನಾಗುತ್ತದೆ, ನೀವೇ ಹೇಳಿ.

ಇನ್ನೂ ಒಂದಿತ್ತು. ಎಂಜಿನ್ ಸ್ಟಾರ್ಟ್ ಮಾಡುವಾಗ ವಿಮಾನ ಮುಂದಕ್ಕೆ ನುಗ್ಗಬಾರದು ಅಂತ ಚಕ್ರಗಳಿಗೆ ಮರದ ತುಂಡು ಅಡ್ಡ ಕೊಟ್ಟು, ಬಾಲವನ್ನು ಹಗ್ಗದಿಂದ ಕಬ್ಬಿಣದ ಗೂಟಕ್ಕೆ ಕಟ್ಟುತ್ತಿದ್ದರು. ಆ ಕೆಲಸವನ್ನು ಬೋರಲಿಂಗ ವಹಿಸಿಕೊಂಡ. ಎಳೆ ಹೋರಿ ಕಟ್ಟುವಾಗ ಅವರ ಮನೆಯಲ್ಲಿ ಹಾಕುವ ಗಂಟನ್ನೇ ಹಾಕಿದ. ಜಗ್ಗಿದಷ್ಟೂ ಬಿಗಿಯುವ ಗಂಟು. ಬಿಚ್ಚಬೇಕಾದರೆ ಹಗ್ಗದ ತುದಿ ಹಿಡಿದು ಒಂದು ಎಳೆತ, ಬಿಚ್ಚಿತು.

ಗುರುಗಳು ಹಗ್ಗ ಜಗ್ಗಿ ನೋಡಿ, "ಭಲೇ," ಅಂದರು.

ಆ ಒಂದು ಮಾತು ಧರಣೇಂದ್ರನಿಗೆ ಊಟದಲ್ಲಿ ಸಿಕ್ಕ ಕಲ್ಲಿನ ಹಾಗಾಯಿತು. ಹೈಸ್ಕೂಲಿನಲ್ಲಿ ಸ್ಕೌಟು ಸೇರಿ ಗಂಟು ಹಾಕುವುದಕ್ಕೇ ಬ್ಯಾಡ್ಜು ಗಳಿಸಿದ್ದವನು ಅವನು. ಅದು ಯಾರಿಗೂ ಬೇಕಾಗಲಿಲ್ಲ.

"ಲೋ ಬೋರ, ಇದು ವಿಮಾನ ಕಣೋ. ನಿಮ್ಮಪ್ಪನ ಹೋರಿ ಅಲ್ಲ."

"ಗೊತ್ತು ಕಣಣ್ಣ. ಹೋರಿ ಆದ್ರೆ ಹಾಯೋಕೆ ಮುಂಚೆ ಬುಸುಗುಡ್ತದೆ. ಇದು ಹೇಳಾಕಿಲ್ಲ."

ಇದಕ್ಕೂ ಗುರುಗಳು ನಗಬೇಕೆ! ಬಂಗಾರದ ಹಲ್ಲು ಮತ್ತೆ ಕಂಡಿತು.

ಒಂದು ದಿನ ಧರಣೇಂದ್ರ ತಡೆಯಲಾರದೆ ಕೇಳಿಯೇಬಿಟ್ಟ. "ಗುರುಗಳೇ, ನಾನು ಮುಂದೆ ನಿಲ್ಲೋದು ಯಾವಾಗ?"

"ಒಳಗೆ ಕೂತಾಗ ನೀನು ಏನು ನೋಡ್ತೀಯ?"

"ಬೋರಲಿಂಗನ್ನ."

"ಅವನ ಏನನ್ನ?"

"ಏನನ್ನ ಅಂದ್ರೆ, ಗುರುಗಳೇ?"

"ಇನ್ನೂ ಸ್ವಲ್ಪ ದಿನ ಕೂತ್ಕೊ," ಅಂದರು ಗುರುಗಳು.

ಹೀಗಿರುವಾಗ ಒಂದು ಶನಿವಾರ ಸಂಜೆ ಗುರುಗಳು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಹೇಳಿದರು. "ಇನ್ನು ನನ್ನ ಕೈಲಿ ಆಗಲ್ಲಪ್ಪ. ನನ್ನ ಜಾಗದಲ್ಲಿ ಒಬ್ಬ ನಿಲ್ಲಬೇಕು. ಎಂಜಿನ್ ಸ್ಟಾರ್ಟ್ ಮಾಡುವಾಗ ನಾನು ಇರಬೇಕಾಗಿಲ್ಲ ಅನ್ನೋ ಹಾಗೆ ನಿಲ್ಲಬೇಕು. ನಾಳೆ ಸ್ನಾನ ಮಾಡ್ಕೊಂಡು ಬಂದು ಹೇಳ್ತೀನಿ."

ಯಾರು ಅಂತ ಧರಣೇಂದ್ರನಿಗೆ ಆಗಲೇ ಗೊತ್ತಾಗಿಹೋಗಿತ್ತು. ಅಥವಾ ಗೊತ್ತಾಗಿದೆ ಅಂದುಕೊಂಡ. ಹೊಟ್ಟೆಕಿಚ್ಚಿನವರಿಗೆ ಎಲ್ಲವೂ ಮೊದಲೇ ಗೊತ್ತಿರುತ್ತದಲ್ಲ!

ಬೆಳಗ್ಗೆ ಗುರುಗಳೂ ಬೋರಲಿಂಗನೂ ಹೊಳೆಗೆ ಇಳಿದರು. ಧರಣೇಂದ್ರ ಶೆಡ್ಡಿನ ಬಾಗಿಲು ತೆಗೆದ. ಅವರು ತಿರುಗಿ ಬರುವ ಹೊತ್ತಿಗೆ ಎಂಜಿನ್ ಓಡುತ್ತಿರಬೇಕು, ತಾನು ಪಕ್ಕದಲ್ಲಿ ಕೈ ಕಟ್ಟಿ ನಿಂತಿರಬೇಕು. ಆಗ ನೋಡೋಣ ಯಾರ ಹೆಸರು ಹೇಳುತ್ತಾರೆ ಅಂತ.

ವಿಮಾನ ಹೊರಗೆ ತಳ್ಳಿದ. ಇಬ್ಬನಿಗೆ ಹುಲ್ಲು ತೊಯ್ದಿತ್ತು. ಚಪ್ಪಲಿ ಜಾರೀತು ಅಂತ ಕಳಚಿಟ್ಟ. ಚಕ್ರಗಳಿಗೆ ಮರದ ತುಂಡು ಕೊಟ್ಟ. ಬಾಲಕ್ಕೆ ಹಗ್ಗ ಹಾಕಿ ಗೂಟದ ಹತ್ತಿರ ಕೂತ.

ಬೋರಲಿಂಗನ ಗಂಟು ಹಾಕಲು ಬೆರಳು ಹೊರಟವು. ಥೂ, ಅವನ ಗಂಟು ನನಗೆ ಯಾಕೆ ಅಂತ ಬೆರಳನ್ನು ತಡೆದ. ತನ್ನ ಸ್ಕೌಟಿನ ಗಂಟನ್ನೇ ಹಾಕಿದ, ಬ್ಯಾಡ್ಜು ತಂದುಕೊಟ್ಟದ್ದನ್ನು. ನೋಡಲು ಎಷ್ಟು ಚೆಂದ, ಎಡಬಲ ಒಂದೇ ಸಮ. ಗಾಯಕ್ಕೆ ಪಟ್ಟಿ ಕಟ್ಟಲು ಅದಕ್ಕಿಂತ ಒಳ್ಳೆಯ ಗಂಟಿಲ್ಲ. ಆದರೆ ಜಗ್ಗಿ ಜಗ್ಗಿ ಬಿಟ್ಟರೆ ಬಾಯಿ ಬಿಡುತ್ತದೆ.

ಒಳಗೆ ಕೂರಲು ಯಾರಿದ್ದಾರೆ? ಯಾರೂ ಇಲ್ಲ. ಕೈ ಹಾಕಿ ಸ್ವಿಚ್ ಹಾಕಿದ, ಎಂಜಿನ್ನಿನ ವೇಗ ಹೆಚ್ಚಿಸುವ ಥ್ರಾಟಲ್ ಹಿಡಿಯನ್ನು ಒಂದು ಬೆರಳಗಲ ಮುಂದೆ ತಳ್ಳಿದ, ಬಾಲದ ಕಡೆಯಿಂದ ಸುತ್ತಿ ಮುಂದೆ ಬಂದ. ಟವೆಲ್ ಹೆಗಲ ಮೇಲೇ ಇತ್ತು.

ಎಳೆದ. ಎಂಜಿನ್ ಕೆಮ್ಮಿ ಸುಮ್ಮನಾಯಿತು.

ಮತ್ತೆ ಎಳೆದ. ಮತ್ತೆ ಕೆಮ್ಮು.

ಹೊಳೆಯ ಮೆಟ್ಟಿಲ ಮೇಲೆ ಎರಡು ತಲೆ ಕಂಡವು. ಸ್ನಾನ ಮುಗಿದುಹೋಯಿತಲ್ಲ! ಧರಣೇಂದ್ರ ಓಡಿಹೋಗಿ ಥ್ರಾಟಲ್ಲನ್ನು ನಾಲ್ಕು ಬೆರಳಗಲ ತಳ್ಳಿ ಬಂದ. ಅಲಗಿಗೆ ಕೈ ಹಾಕಿದ, ಮೆಟ್ಟಿಲ ಕಡೆಗೆ ನೋಡುತ್ತಾ ಎಳೆದ. ಗುರುಗಳು ನೋಡುತ್ತಿದ್ದಾರೋ ಇಲ್ಲವೋ?

ಎಂಜಿನ್ ಗುಡುಗಿತು.

ಹೆಗಲ ಮೇಲಿನ ಟವೆಲ್ ಯಾವಾಗ ಹೋಯಿತು ಅಂತ ಅವನಿಗೆ ತಿಳಿಯಲಿಲ್ಲ. ಅವನು ಹಿಂದಕ್ಕೆ ಬಿದ್ದಿದ್ದ. ಟವೆಲ್ಲು ಎರಡು ತುಂಡಾಗಿ ಎರಡು ಕಡೆ ಬಿದ್ದಿತ್ತು. ನಡುವೆ ಅವನ ತಲೆ ಇತ್ತು, ಪುಣ್ಯಕ್ಕೆ ಕತ್ತಿನ ಮೇಲೇ.

ವಿಮಾನ ಒಂದು ಸಲ ನಡುಗಿತು. ಹಗ್ಗವನ್ನು ಜಗ್ಗಿತು, ಬಿಟ್ಟಿತು, ಜಗ್ಗಿತು. ಎಡಬಲ ಒಂದೇ ಸಮ ಇದ್ದ ಚೆಂದದ ಗಂಟು ಮೆಲ್ಲಗೆ ಬಾಯಿ ಬಿಟ್ಟಿತು. ಚಕ್ರಗಳು ಮರದ ತುಂಡುಗಳನ್ನು ಹತ್ತಿ ದಾಟಿದವು. ಪಕ್ಕಕ್ಕೆ ಹೊರಳಿಕೊಂಡ ಧರಣೇಂದ್ರನನ್ನು ಬಿಟ್ಟು ಹಳದಿ ವಿಮಾನ ಹೊಳೆಯ ಕಡೆಗೆ ಹೊರಟಿತು.

ಅವನು ಎದ್ದು ಓಡಿದ. ಏನು ಮಾಡಲು ಓಡಿದ ಗೊತ್ತೇ? ಮುಂದೆ ಹೋಗಿ, ಬಸ್ಸು ನಿಲ್ಲಿಸುವ ಹಾಗೆ ಎರಡೂ ಕೈ ಎತ್ತಲು!

"ಮುಂದುಕ್ ಹೋಗ್‌ಬ್ಯಾಡ ಕಣಣ್ಣೋ!"

ಬೋರಲಿಂಗ ಅಡ್ಡ ಬಂದ. ಎದುರಿಗೆ ಬರಲಿಲ್ಲ. ಹಿಂದಿನಿಂದ, ಪಕ್ಕದಿಂದ, ಕಟ್ಟು ಬಿಚ್ಚಿಕೊಂಡ ಹೋರಿಯನ್ನು ಹಿಡಿಯುವ ಹಾಗೆ ಬಂದು ಎಡ ರೆಕ್ಕೆಯ ತುದಿಗೆ ಜೋತುಬಿದ್ದು ಹಿಮ್ಮಡಿ ನೆಲಕ್ಕೆ ಊರಿದ. ವಿಮಾನ ಹೊಳೆಯ ಹಾದಿ ಬಿಟ್ಟು ಅವನ ಸುತ್ತಲೇ ತಿರುಗತೊಡಗಿತು.

"ಧರಣೇಂದ್ರ!" ಒದ್ದೆ ಪಂಚೆಯ ಗುರುಗಳು ಕೂಗಿದರು. "ರೆಕ್ಕೆ ಹಿಂದಿನಿಂದ ಬಾ! ಹಿಂದಿನ ಅಂಚು ಹಿಡ್ಕೊಂಡೇ ಹೋಗು! ಸ್ವಿಚ್ಚು!"

ಧರಣೇಂದ್ರ ಬೋರಲಿಂಗನ ಪಕ್ಕದಿಂದಲೇ ರೆಕ್ಕೆಯ ಅಂಚು ಹಿಡಿದು, ವಿಮಾನದ ಜೊತೆಗೇ ಸುತ್ತುತ್ತಾ, ಕೈ ಮೇಲೆ ಕೈ ಇಟ್ಟು ಬಾಗಿಲ ತನಕ ಹೋದ. ಬೋರಲಿಂಗನ ಕೈ ಜಾರಿದರೆ ಆ ಅಲಗು ಯಾವ ಕಡೆಗೆ ತಿರುಗುತ್ತದೋ ದೇವರೇ ಬಲ್ಲ. ಅಂಥ ಹೊತ್ತಿನಲ್ಲೂ ಅವನ ತಲೆಗೆ ಬಂದದ್ದೇನು ಕೇಳಿ. ಇದಕ್ಕೂ ಭಲೇ ಅನ್ನಿಸಿಕೊಳ್ಳುವವನು ಈ ಬೋರನೇ!

ಬಾಗಿಲಲ್ಲಿ ಕೈ ತೂರಿಸಿ ಸ್ವಿಚ್ ಆರಿಸಿದ.

ಎಂಜಿನ್ ನಿಂತಿತು. ಹೊಂಗೆ ಮರದ ಹಕ್ಕಿಗಳು ಗಲಾಟೆ ಮಾಡುತ್ತಿದ್ದದ್ದು ಆಗ ಕೇಳಿಸಿತು.

ಗುರುಗಳು ಏದುಸಿರು ಬಿಡುತ್ತಾ ಬಂದರು. ನೇರ ಬೋರಲಿಂಗನ ಎದುರಿಗೆ ನಿಂತರು. "ನಿನಗೆ ತಲೆಯಲ್ಲಿ ಏನು ತುಂಬಿದೆಯೋ? ಸಗಣಿಯೇ? ಕೈ ಜಾರಿದ್ರೆ ಏನೋ ಗತಿ? ಹೆತ್ತವರಿಗೆ ನಾನು ಏನು ಹೇಳಲಿ?"

ಬೈದರು, ಬೈದರು, ಉಸಿರು ಕಟ್ಟುವ ತನಕ ಬೈದರು. ಬೋರಲಿಂಗ ತಲೆ ತಗ್ಗಿಸಿ ನಿಂತಿದ್ದ. ಆದರೆ ಅವನ ಮುಖ ಮದುವೆ ಗಂಡಿನ ಹಾಗೆ ಅರಳಿತ್ತು. ಧರಣೇಂದ್ರನಿಗೆ ಅದು ಯಾಕೆ ಅಂತ ತಿಳಿಯಲಿಲ್ಲ.

ಆಮೇಲೆ ಗುರುಗಳು ಇವನ ಕಡೆ ತಿರುಗಿದರು. "ಕೈ ತೋರಿಸು."

ಧರಣೇಂದ್ರ ಎರಡೂ ಕೈ ಚಾಚಿದ. ಗುರುಗಳು ಒಂದೊಂದು ಬೆರಳನ್ನೂ ಮುಟ್ಟಿ ನೋಡಿದರು.

"ಗುರುಗಳೇ, ನನ್ನನ್ನ ಮನೆಗೆ ಕಳಿಸಿಬಿಡಿ."

"ಹಗ್ಗ ತಾ."

ತಂದ. ಗುರುಗಳು ತುದಿ ನೋಡಿದರು. "ಹರಿದಿಲ್ಲ. ಬಿಚ್ಚಿಕೊಂಡಿದೆ. ಯಾರ ಗಂಟು?"

"ನನ್ನದು."

"ಬೋರನ ಗಂಟು ಬರಲ್ವಾ ನಿನಗೆ?"

"ಬರುತ್ತೆ. ದಿನಾ ನೋಡಿದೀನಲ್ಲ."

"ಮತ್ಯಾಕೆ ಹಾಕಲಿಲ್ಲ?"

ಧರಣೇಂದ್ರ ನೆಲ ನೋಡಿದ. "ಅವನದು ಅಂತ."

"ಯಾರ ಗಂಟು ಅಂತ ವಿಮಾನ ಕೇಳಲಿಲ್ಲವಲ್ಲಪ್ಪ." ಗುರುಗಳು ಹಗ್ಗವನ್ನು ಅವನ ಕೈಗೆ ಕೊಟ್ಟರು. "ಹೋಗು, ಈಗ ಹಾಕು. ವಿಮಾನವನ್ನ ಮತ್ತೆ ಜಾಗಕ್ಕೆ ತಳ್ಳಿ. ಚಕ್ರ, ಅಲಗು, ತಂತಿ ಎಲ್ಲಾ ನಾನು ನೋಡ್ತೀನಿ. ಆಮೇಲೆ ನೀನು ತಿರುಗಿಸು."

"ನಾನಾ? ಇವತ್ತೇ?"

"ಇವತ್ತು ಬಿಟ್ಟರೆ ನೀನು ಇನ್ನು ಯಾವತ್ತೂ ಅದರ ಹತ್ತಿರ ಹೋಗಲ್ಲ."

ಗುರುಗಳು ಅಲಗನ್ನು ಬೆರಳಿನಿಂದ ಸವರಿ, ಚಕ್ರ ಅಲ್ಲಾಡಿಸಿ, ಎಂಜಿನ್ನಿನ ತಂತಿಗಳನ್ನು ಒಂದೊಂದಾಗಿ ಎಳೆದು ನೋಡುವಷ್ಟರಲ್ಲಿ ಧರಣೇಂದ್ರ ಗೂಟದ ಹತ್ತಿರ ಕೂತ. ಹಗ್ಗ ಸುತ್ತಿದ. ಒಂದು ಸುತ್ತು, ಒಳಗಿನಿಂದ ಒಂದು, ಆಮೇಲೆ? ಬಿಚ್ಚಿ ಮತ್ತೆ ಸುತ್ತಿದ. ಬರಲಿಲ್ಲ. ದಿನಾ ನೋಡಿದ್ದು ನಿಜ. ಆದರೆ ಬೋರಲಿಂಗ ಗಂಟು ಹಾಕುವಾಗೆಲ್ಲ ಅವನ ಕಣ್ಣು ಗುರುಗಳ ಮುಖದ ಮೇಲಿರುತ್ತಿತ್ತು, ಭಲೇ ಅನ್ನುತ್ತಾರೋ ಅಂತ. ಬೋರಲಿಂಗನ ಕೈಯನ್ನು ಅವನು ಒಂದು ದಿನವೂ ನೋಡಿರಲಿಲ್ಲ.

ತಿರುಗಿ ಕರೆದ. "ಬೋರ, ಬಾರೋ. ಇದು ಹೇಗೆ ಹಾಕೋದು, ಹೇಳಿಕೊಡು."

ಬೋರಲಿಂಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. "ಇಂಗೆ ಸುತ್ಕೊ. ಕೆಳಗಿಂದ ತಗಂಡು ಕುಣಿಕೆ ಬಿಡು. ಹೂಂ, ಈಗ ಜಗ್ಗು."

ಜಗ್ಗಿದ. ಬಿಗಿಯಿತು.

"ಅಣ್ಣ, ಒಂದ್ ಮಾತು ಹೇಳ್ಲಾ? ಬೇಜಾರ್ ಮಾಡ್ಕಬ್ಯಾಡ."

"ಹೇಳು."

"ನಿನ್ ಮ್ಯಾಲೆ ನಂಗೆ ಬಾಳ ಹೊಟ್ಟೆ ಉರೀತಿತ್ತು."

ಧರಣೇಂದ್ರ ಹಗ್ಗ ಕೈಬಿಟ್ಟ. "ನನ್ನ ಮೇಲಾ? ಯಾಕೋ?"

"ನಿನ್ನ ದಿನಾ ಬೈತಾರೆ. ನನ್ನ ಒಂದಿನಾನೂ ಬೈದಿರ್ಲಿಲ್ಲ. ಮನೆ ಮಗನ್ನ ಬೈತಾರೆ. ಬಂದ ನೆಂಟನ್ನ ಯಾರ್ ಬೈತಾರೆ? ಭಲೇ ಅಂದು ಕಳಿಸ್ತಾರೆ." ಅವನ ಮುಖ ಮತ್ತೆ ಅರಳಿತು. "ಇವತ್ತು ಬೈದ್ರು ನೋಡು! ತಲೇಲಿ ಸಗಣಿ ಅಂದ್ರು!"

ಧರಣೇಂದ್ರನಿಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರೂ ಬಂತು. ಅದು ನಗುವಿನದೇ ಅಂತ ಬೋರಲಿಂಗ ತಿಳಿದುಕೊಂಡ.

ಗುರುಗಳು ವಿಮಾನದ ಹತ್ತಿರ ನಿಂತು, "ಎಲ್ಲಾ ಸರಿಯಾಗಿದೆ, ಶುರು ಮಾಡಿ," ಅಂತ ಕೈ ಬೀಸಿ, ಯಾವ ಕಡೆಗೋ ಹೋದರು.

ಬೋರಲಿಂಗ ಒಳಗೆ ಕೂತ, ಥ್ರಾಟಲ್ಲನ್ನು ಹಿಂದಕ್ಕೆ ಎಳೆದ, ಬ್ರೇಕ್ ತುಳಿದ. ಧರಣೇಂದ್ರ ಚಕ್ರದ ತುಂಡುಗಳನ್ನು ಒದ್ದು ನೋಡಿದ. ಗಂಟು ಜಗ್ಗಿ ನೋಡಿದ. ಒದ್ದೆ ಹುಲ್ಲು ಬಿಟ್ಟು ಗಟ್ಟಿ ನೆಲದ ಮೇಲೆ ಕಾಲಿಟ್ಟ. ಕೈಗಡಿಯಾರ ಬಿಚ್ಚಿಟ್ಟ, ಅಂಗಿ ಒಳಕ್ಕೆ ಸೇರಿಸಿದ.

"ಸ್ವಿಚ್ ಆಫ್?"

ಬೋರಲಿಂಗನ ಕೈ ಸ್ವಿಚ್ಚಿನ ಮೇಲೆ ಹೋಯಿತು. ಆಮೇಲೆ ದನಿ ಬಂತು. "ಆಫ್!"

ಆಫ್ ಅಂದರೂ ಧರಣೇಂದ್ರ ನಂಬಲಿಲ್ಲ. ಆನ್ ಇದೆ ಅಂತಲೇ ನಿಂತು, ಅಲಗಿಗೆ ಬೆರಳ ತುದಿಯಷ್ಟನ್ನೇ ಕೊಟ್ಟು, ಹೆಬ್ಬೆರಳು ಹೊರಗಿಟ್ಟು, ಮೆಲ್ಲಗೆ ನಾಲ್ಕು ಸುತ್ತು ತಿರುಗಿಸಿದ. ಎಂಜಿನ್ ಒಳಗೆ ಪೆಟ್ರೋಲು ಹೀರಿಕೊಳ್ಳುವ ಸದ್ದು ಕೇಳಿತು. ಅಷ್ಟು ತಿಂಗಳು ಒಳಗೆ ಕೂತಿದ್ದರೂ ಆ ಸದ್ದು ಅವನ ಕಿವಿಗೆ ಬಿದ್ದಿರಲಿಲ್ಲ. ಹಸು ನೀರು ಕುಡಿದ ಹಾಗೆ.

"ಕಾಂಟ್ಯಾಕ್ಟ್?" ಸ್ವಿಚ್ ಹಾಕು ಅನ್ನುವುದಕ್ಕೆ ಅಲ್ಲಿಯ ಮಾತು ಅದು.

"ಕಾಂಟ್ಯಾಕ್ಟ್!"

ಎಳೆದ. ಎಳೆದ ಕೈಯ ಜೊತೆಗೇ ಮೈ ಹಿಂದಕ್ಕೆ ಬಂತು. ಎಂಜಿನ್ ಹೊತ್ತಿಕೊಂಡು ಒಂದೇ ಸಮನೆ ಗುನುಗತೊಡಗಿತು. ಬಾಲದ ಹಗ್ಗ ಬಿಗಿಯಿತು, ಅಲ್ಲೇ ನಿಂತಿತು.

ಸ್ವಲ್ಪ ಹೊತ್ತು ಓಡಿಸಿ ಬೋರಲಿಂಗ ಎಂಜಿನ್ ಆರಿಸಿದ. ಇಬ್ಬರೂ ಶೆಡ್ಡಿಗೆ ಬಂದಾಗ ಗುರುಗಳು ಒಣಗಿದ ಪಂಚೆ ಉಟ್ಟು ಕೂತಿದ್ದರು. ಮುಂದೆ ಎಂಜಿನ್ ಸ್ಟಾರ್ಟ್ ಮಾಡಿದ್ದನ್ನು ಬರೆದಿಡುವ ಪುಸ್ತಕ ಇತ್ತು.

"ತಿರುಗಿಸುವಾಗ ನಾನು ಎಲ್ಲಿದ್ದೆ?" ಅಂತ ಕೇಳಿದರು.

ಧರಣೇಂದ್ರ ಯೋಚಿಸಿದ. "ಗೊತ್ತಿಲ್ಲ, ಗುರುಗಳೇ. ನೋಡಲಿಲ್ಲ."

"ಮರದ ಹಿಂದೆ ಪಂಚೆ ಹಿಂಡ್ತಾ ಇದ್ದೆ. ನನ್ನ ಜಾಗದಲ್ಲಿ ನೀವಿಬ್ಬರೇ ಇದ್ರಿ." ಪುಸ್ತಕವನ್ನು ಅವನ ಕಡೆಗೆ ಸರಿಸಿದರು. "ಬರಿ."

ಧರಣೇಂದ್ರ ಪೆನ್ನು ಹಿಡಿದು ತಡೆದ. "ಇವತ್ತು ಎರಡು ಸಲ ಸ್ಟಾರ್ಟ್ ಆಯಿತಲ್ಲ, ಗುರುಗಳೇ. ಎರಡೂ ಬರೀಬೇಕಾ?"

"ಎರಡೂ ಬರಿ. ಮೊದಲನೇ ಸಲ ನಿನ್ನ ಕಣ್ಣು ನನ್ನ ಮೇಲಿತ್ತು, ಅದಕ್ಕೆ ಮುಂದೆ ಯಾರೂ ನಿಂತಿರಲಿಲ್ಲ ಅಂತ ಬರಿ. ಎರಡನೇ ಸಲಕ್ಕೆ, ಧರಣೇಂದ್ರ ನಿಂತಿದ್ದ ಅಂತ ಬರಿ. ತಾರೀಖು ಎರಡಕ್ಕೂ ಒಂದೇ ಕಣಪ್ಪ, ಸಾವಿರದ ಒಂಬೈನೂರ ಅರವತ್ತನಾಲ್ಕು, ನವೆಂಬರ್ ಇಪ್ಪತ್ತೆರಡು, ಭಾನುವಾರ."